ತಳ ನೋಡುವ ಶಾಸ್ತ್ರ

ಈಗ ನಮ್ಮ ಮನೆಯಲ್ಲಿ ಮಾಡುವ ಪ್ರತಿಯೊಂದಕ್ಕೂ ತೂತು ಬೇಕು. ಹೂವಿನ ಕುಂಡಕ್ಕೆ ನೀರು ಬಸಿಯಲು ತಳದಲ್ಲಿ ತೂತು, ಬೇಸಿಗೆಯ ನೀರಿನ ಮಡಕೆಗೆ ನಲ್ಲಿ ಕೂರಿಸಲು ಪಕ್ಕದಲ್ಲಿ ತೂತು, ಮಕ್ಕಳ ಹುಂಡಿಗೆ ಕಾಸು ಹಾಕಲು ಒಂದು ಸೀಳು, ಹೋಟೆಲಿನವರು ಕೇಳುವ ದೀಪದ ಬುರುಡೆಗಂತೂ ಮೈತುಂಬ ತೂತು. ನನ್ನ ಅತ್ತೆಗೆ ಇದನ್ನು ಕಂಡರೆ ಇವತ್ತಿಗೂ ಆಗುವುದಿಲ್ಲ. "ಮಡಕೆ ತೂತಾದ್ರೆ ತಿಪ್ಪೆಗೆ ಎಸೀತಿದ್ವಿ ಮಾರಾಯ್ತಿ. ಈಗ ತೂತಿಲ್ಲ ಅಂತ ವಾಪಸ್ ಕಳಿಸ್ತಾರೆ" ಎಂದು ಗೊಣಗುತ್ತಲೇ ಇರುತ್ತಾರೆ.

ಭದ್ರಾವತಿ ಎಂದರೆ ಹೊರಗಿನವರಿಗೆ ಕಬ್ಬಿಣ. ಆದರೆ ಹಳೇನಗರದಲ್ಲಿ, ಹೊಯ್ಸಳರ ಕಾಲದ ದೇವಸ್ಥಾನ ದಾಟಿ ಸ್ವಲ್ಪ ಒಳಗೆ ಬಂದರೆ, ನಮ್ಮ ಬೀದಿಯನ್ನು ಜನ ಈಗಲೂ ಕುಂಬಾರ ಬೀದಿ ಎಂದೇ ಕರೆಯುತ್ತಾರೆ. ತಿಗರಿ ತಿರುಗುವುದು ನಮ್ಮದೊಂದೇ ಮನೆಯಲ್ಲಿ, ಅದೂ ಮೋಟರಿನಲ್ಲಿ. ಕಾರ್ಖಾನೆಯ ಚಿಮಣಿ ಏಳುವುದಕ್ಕೆ ಎಷ್ಟೋ ಮೊದಲು ಇಲ್ಲಿ ಮಡಕೆ ಸುಡುವ ಆವಿಗೆಯ ಹೊಗೆ ಏಳುತ್ತಿತ್ತು ಎಂಬುದು ಅತ್ತೆಯ ಜಂಬ. ಆ ಜಂಬವೆಲ್ಲ ನನ್ನನ್ನು ಚುಚ್ಚುವುದಕ್ಕೆ. ನನ್ನ ಅಪ್ಪ ಕುಂಬಾರರ ಮನೆಯಲ್ಲಿ ಹುಟ್ಟಿ ಕಾರ್ಖಾನೆ ಸೇರಿದವರು. ಕುಲುಮೆಯ ಒಳಗೋಡೆಗೆ ಬೆಂಕಿ ತಡೆಯುವ ಇಟ್ಟಿಗೆ ಜೋಡಿಸುವುದು ಅವರ ಕೆಲಸ. ನಾನು ಬೆಳೆದದ್ದು ಕ್ವಾರ್ಟರ್ಸಿನಲ್ಲಿ. ಈ ಕಡೆ ತಮಿಳಿನವರು, ಆ ಕಡೆ ತೆಲುಗಿನವರು. ಮದುವೆಯಾಗುವ ತನಕ ನಾನು ಜೇಡಿಮಣ್ಣು ಮುಟ್ಟಿದ್ದು ಗಣಪತಿ ಹಬ್ಬದಲ್ಲಿ ಮಾತ್ರ. ಶಾಲೆಯಲ್ಲಿ ಪಾಠ ಹೇಳುವ ಹುಡುಗಿಯನ್ನು ಕುಂಬಾರರ ಮನೆಗೆ ತಂದು ಏನು ಮಾಡುತ್ತೀರಿ ಎಂದು ಬೀದಿಯವರು ಕೇಳಿದಾಗ, "ಸಂಜೆ ಮೇಲೆ ಕೈ ಖಾಲಿ ಇರುತ್ತಲ್ಲ" ಎಂದು ಅತ್ತೆ ಉತ್ತರಿಸಿದ್ದರಂತೆ.

ಖಾಲಿ ಬಿಡಲಿಲ್ಲ. ತಿಗರಿಯಿಂದ ಇಳಿದ ಮಡಕೆಗೆ ತಳ ಇರುವುದಿಲ್ಲ ಎಂಬುದು ನನಗೆ ಈ ಮನೆಗೆ ಬಂದ ಮೇಲೆ ಗೊತ್ತಾಯಿತು. ನನ್ನ ಗಂಡ ಕತ್ತು, ಹೆಗಲು, ಹೊಟ್ಟೆ ಎಲ್ಲವನ್ನೂ ಎತ್ತಿ, ದಾರದಲ್ಲಿ ಕತ್ತರಿಸಿ ಕೆಳಗಿಡುತ್ತಾರೆ. ಕೆಳಗಡೆ ಬರೀ ಬಯಲು. ಅದು ಅರ್ಧ ಆರಿದ ಮೇಲೆ ಒಳಗೊಂದು ದುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಮಣ್ಣನ್ನು ಎಳೆದು ತಳ ಮುಚ್ಚುವುದು ಹೆಂಗಸರ ಕೆಲಸ. "ಗಂಡಸ್ರು ಬಾಯಿ ಮಾಡ್ತಾರೆ, ತಳ ಮಾಡೋರು ನಾವು" ಎಂದು ಅತ್ತೆ ನಗುತ್ತಾ ಕಲಿಸಿದರು. ಮೊದಲ ವರ್ಷ ನಾನು ತಟ್ಟಿದ್ದೆಲ್ಲ ಸೀಳಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆ ದೊಣ್ಣೆ ನಾನೇ ಆಗಿದ್ದೆ. ಆಮೇಲೆ ಕೈ ಕೂಡಿತು. ಆದರೆ ಅಷ್ಟು ಕಷ್ಟಪಟ್ಟು ಮುಚ್ಚಿದ ತಳಕ್ಕೆ, ಹಸಿ ಇರುವಾಗಲೇ ಬೆರಳು ದಪ್ಪದ ಕಡ್ಡಿ ತೂರಿಸಿ ಮತ್ತೆ ತೂತು ಮಾಡುವಾಗ ನನಗೂ ಹೊಟ್ಟೆ ಉರಿಯುತ್ತದೆ.

ತೂತು ಇಲ್ಲದೆ ಉಳಿದದ್ದು ಐರಣಿ ಮಡಕೆ ಮಾತ್ರ. ಮದುವೆಯ ಮುನ್ನಾದಿನ ಹೆಣ್ಣಿನ ಮನೆಯವರು ವಾಲಗ ಊದಿಸಿಕೊಂಡು ಕುಂಬಾರರ ಮನೆಗೆ ಬರುತ್ತಾರೆ. ತಿಗರಿಗೆ ಪೂಜೆ ಮಾಡಿ, ಮನೆಯ ಹೆಂಗಸಿಗೆ ಮಡಿಲು ತುಂಬಿ, ಸುಣ್ಣ ಮತ್ತು ಕೆಮ್ಮಣ್ಣಿನಲ್ಲಿ ಚಿತ್ರ ಬರೆದ ಮಡಕೆಗಳನ್ನು ತಲೆಯ ಮೇಲೆ ಹೊತ್ತು ಹೋಗುತ್ತಾರೆ. ಮನೆಯಲ್ಲಿ ಭತ್ತ ಹರಡಿ ಅದರ ಮೇಲೆ ಕೂರಿಸಿ, ನೀರು ತುಂಬಿ ಪೂಜಿಸುತ್ತಾರೆ. ಮಾವ ತೀರಿಕೊಂಡ ಮೇಲೂ ಈ ಮಡಕೆಗಳ ಮೇಲೆ ಬರೆಯುವುದು ಅತ್ತೆಯೇ. ಗಂಡ ಇಲ್ಲದವರು ಬರೆಯಬಹುದೇ ಎಂದು ಇದುವರೆಗೆ ಯಾರೂ ಕೇಳಿಲ್ಲ. ಬೇರೆ ಯಾರಿಗೂ ಬರೆಯಲು ಬರುವುದಿಲ್ಲವಲ್ಲ, ಅದಕ್ಕೆ ಶಾಸ್ತ್ರ ಸುಮ್ಮನಿದೆ.

ಕೆಲವು ವರ್ಷಗಳ ಹಿಂದೆ ಮಲವಗೊಪ್ಪದಿಂದ ಹೆಂಗಸೊಬ್ಬರು ಬಂದು ನಮ್ಮ ಜಗಲಿಯ ಮೇಲೆ ಕುಳಿತರು. ಗದ್ದೆ ಮನೆ ಇರುವ ಹಳೆಯ ಮನೆತನದವರು. ತಲೆತಲಾಂತರದಿಂದ ಅವರ ಮನೆಯ ಮದುವೆಗಳಿಗೆ ಮಡಕೆ ಹೋಗುವುದು ನಮ್ಮಲ್ಲಿಂದಲೇ. "ಮಗಳ ಮದುವೆ. ಐರಣಿ ಬೇಕು" ಎಂದರು. ಅತ್ತೆ ಅವರ ಮುಖ ನೋಡಿದರು. ಆ ತಾಯಿಗೆ ಇರುವುದು ಒಬ್ಬಳೇ ಮಗಳು. ಅವಳ ಮದುವೆಯ ಮಡಕೆಗಳನ್ನು ಅತ್ತೆ ಆಗಲೇ ಒಮ್ಮೆ ಬರೆದು ಕೊಟ್ಟಿದ್ದರು. ಅವಳ ಗಂಡ ಬೈಕ್ ಅಪಘಾತದಲ್ಲಿ ಹೋದ ಸುದ್ದಿಯೂ ನಮ್ಮ ಬೀದಿಗೆ ಬಂದಿತ್ತು.

"ಮತ್ತೆ ಮದುವೆ ಮಾಡ್ತಿದೀವಿ" ಎಂದರು ಆ ತಾಯಿ. "ಹುಡುಗ ಒಳ್ಳೆಯವ್ನು. ಆದ್ರೆ ನಮ್ಮ ಯಜಮಾನ್ರ ಚಿಕ್ಕಪ್ಪ ಒಬ್ರಿದಾರಲ್ಲ, ಮನೆಗೆ ಹಿರೀರು, ಅವರದೊಂದೇ ಹಟ. ಎರಡನೇ ಸಲಕ್ಕೆ ಐರಣಿ ಎಲ್ಲಾದ್ರೂ ಇದ್ಯಾ, ರಿಜಿಸ್ಟರ್ ಮಾಡ್ಸಿ ನಾಲ್ಕು ಜನಕ್ಕೆ ಊಟ ಹಾಕಿ ಅಂತಾರೆ. ನನ್ನ ಮಗಳೇನು ಕದ್ದು ಮದುವೆ ಆಗ್ತಿದಾಳಾ?"

"ಒಪ್ಪಿದ್ರಾ ಕೊನೆಗೆ?" ಎಂದು ಅತ್ತೆ ಕೇಳಿದರು.

"ಒಪ್ಪಿದ್ರು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಕೇಳ್ಬೇಡಿ ಅಂದ್ರು." ಈ ಮಾತನ್ನು ಅವರು ಹೊರಡುವಾಗ ಇನ್ನೊಮ್ಮೆ ಹೇಳಿದರು.

ಅತ್ತೆ ಆ ಮಡಕೆಗಳನ್ನು ತಮ್ಮ ಮಗಳದೇ ಮದುವೆ ಎನ್ನುವ ಹಾಗೆ ಹಚ್ಚಿಕೊಂಡರು. ಹೊಳಲೂರು ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬಂದ ಮಣ್ಣನ್ನು ಸೋಸಿದ್ದೂ ಸೋಸಿದ್ದೇ. ಅದೇ ಹೊತ್ತಿಗೆ ಶಿವಮೊಗ್ಗದ ನವುಲೆ ಕಡೆಯ ನರ್ಸರಿಯೊಂದಕ್ಕೆ ಕುಂಡ ಕೊಡುವುದಿತ್ತು. ಮಾಮೂಲಿ ಕುಂಡವಲ್ಲ. ಈಗ ಮನೆ ಮುಂದೆ ಮಡಕೆಯ ಆಕಾರದ ಕುಂಡ ಇಡುವುದೇ ಫ್ಯಾಷನ್ನು. ಅದೇ ಹೊಟ್ಟೆ, ಅದೇ ಕತ್ತು, ತಳದಲ್ಲಿ ಮಾತ್ರ ತೂತು. ಎರಡನ್ನೂ ಬೇರೆ ಬೇರೆ ಹಲಗೆಯ ಮೇಲೆ ಒಣಗಿಸಿದೆವು. ನರ್ಸರಿಯ ಹಲಗೆಯದಕ್ಕೆ ನಾನೇ ತೂತು ಮಾಡಿದೆ. ಆದರೆ ಸುಟ್ಟಿದ್ದು ಒಂದೇ ಆವಿಗೆಯಲ್ಲಿ.

ಆವಿಗೆ ಬಿಚ್ಚಿದ ದಿನ ನಾನು ಶಾಲೆಯಲ್ಲಿದ್ದೆ. ಮದುವೆಯ ಮಡಕೆಗಳನ್ನು ಅತ್ತೆಯೇ ಆರಿಸಿದರು. ಆರಿಸುವುದು ಹೇಗೆಂದರೆ, ಕಣ್ಣಿನಿಂದ ಅಲ್ಲ. ಒಂದೊಂದನ್ನೂ ಕತ್ತು ಹಿಡಿದು ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಾರೆ. ಠಣ್ ಎಂದರೆ ಮದುವೆಗೆ, ಸ್ವಲ್ಪ ಮಂಕಾದರೆ ಸಂತೆಗೆ. ಅವರ ಅತ್ತೆ ಹೇಳಿಕೊಟ್ಟ ಪದ್ಧತಿ ಅದು. ಆ ಕಾಲದಲ್ಲಿ ಬೇಕೆಂದೇ ತಳಕ್ಕೆ ತೂತು ಮಾಡಿದ ಮಡಕೆ ಆವಿಗೆಯೊಳಗೆ ಇರಲು ಸಾಧ್ಯವೇ ಇರಲಿಲ್ಲ. ಹಾಗಾಗಿ ತಳ ತಿರುಗಿಸಿ ನೋಡುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮದುವೆಯ ಮುನ್ನಾದಿನ ಬೆಳಗ್ಗೆ ಅವರು ವಾಲಗದ ಜೊತೆ ಬಂದರು. ತಿಗರಿಗೆ ಅರಿಶಿನ ಕುಂಕುಮ ಬಿತ್ತು, ಹೆಂಗಸರು ಹಾಡಿದರು, ಹುಲ್ಲಿನ ಸಿಂಬೆಯ ಮೇಲೆ ಮಡಕೆ ಹೊತ್ತು ಬೀದಿಯ ಕೊನೆಯಲ್ಲಿ ನಿಂತಿದ್ದ ಟೆಂಪೋವರೆಗೆ ನಡೆದರು. ತಾಯಿ ಎಲ್ಲರಿಗಿಂತ ಮುಂದೆ. ಅವರ ಮುಖ ನೋಡಿ ನನಗೂ ಕಣ್ಣು ತುಂಬಿತು. ನಮ್ಮ ಯಜಮಾನರು ಅಷ್ಟರಲ್ಲಾಗಲೇ ಕುಂಡಗಳನ್ನು ಲಗೇಜ್ ಆಟೋದಲ್ಲಿ ತುಂಬಿಕೊಂಡು ನವುಲೆಗೆ ಹೋಗಿದ್ದರು. ನಾನು ಅಂಗಳ ಗುಡಿಸುತ್ತಿದ್ದಾಗ ಅವರ ಫೋನ್ ಬಂತು.

"ಏನೇ, ಎರಡು ಕುಂಡಕ್ಕೆ ತೂತೇ ಮಾಡಿಲ್ವಲ್ಲ ನೀನು. ನರ್ಸರಿಯವ್ರು ಆಡ್ಕೊಂಡು ನಗ್ತಿದಾರೆ."

"ನಾನು ಎಲ್ಲದಕ್ಕೂ ಮಾಡಿದೀನಿ. ಸರಿಯಾಗಿ ನೋಡ್ರಿ" ಎಂದು ರೇಗಿದೆ. ಒಂದನ್ನೂ ಬಿಟ್ಟಿರಲಿಲ್ಲ, ಅದು ನನಗೆ ಖಚಿತ. ಆ ಖಾತ್ರಿಯೇ ಮರುಗಳಿಗೆ ನನ್ನ ಎದೆಗೆ ಒದ್ದಿತು. ತೂತಿಲ್ಲದ ಎರಡು ಅಲ್ಲಿಗೆ ಹೋಗಿವೆ ಎಂದರೆ, ತೂತಿರುವ ಎರಡು ಎಲ್ಲಿಗೆ ಹೋದವು?

ಪೊರಕೆ ಕೈಯಲ್ಲೇ ಇತ್ತು. ಅತ್ತೆ ನನ್ನ ಮುಖ ನೋಡಿದರು, ಫೋನ್ ನೋಡಿದರು, ಖಾಲಿಯಾದ ಜಗಲಿ ನೋಡಿದರು. "ನಾನು ತಳ ನೋಡ್ಲಿಲ್ಲ" ಎಂದರು ಮೆಲ್ಲಗೆ.

ತೂತಿರುವ ಮಡಕೆಯಲ್ಲಿ ನೀರು ಹೊರುವುದು ಎಲ್ಲಿ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮಸಣದಲ್ಲಿ. ಹೆಗಲ ಮೇಲಿಟ್ಟುಕೊಂಡು, ನೀರು ಸೋರಿಸುತ್ತಾ ಹೆಣದ ಸುತ್ತ ತಿರುಗಿ, ಹಿಂದಕ್ಕೆ ಎಸೆಯುತ್ತಾರೆ. ಗಂಡನನ್ನು ಕಳೆದುಕೊಂಡ ಹುಡುಗಿಯ ಎರಡನೇ ಮದುವೆಗೆ, ಬೇಡ ಬೇಡ ಎಂದವರ ಕಣ್ಣೆದುರಿಗೇ, ನಮ್ಮ ಮನೆಯಿಂದ ಸೋರುವ ಮಡಕೆ ಹೋಗಿದೆ. ನೋಡಿದಿರಾ, ನಾನು ಹೇಳಿರಲಿಲ್ಲವೇ ಎಂದು ಆ ಹಿರಿಯರು ಹೇಳುವುದು ನನ್ನ ಕಿವಿಗೆ ಆಗಲೇ ಕೇಳಿಸುತ್ತಿತ್ತು.

ಗಂಡನಿಗೆ ಮತ್ತೆ ಫೋನ್ ಮಾಡಿ, ಆ ಎರಡು ಮಡಕೆ ತೆಗೆದುಕೊಂಡು ನೆಟ್ಟಗೆ ಮಲವಗೊಪ್ಪಕ್ಕೆ ಬನ್ನಿ ಎಂದೆ. ಅತ್ತೆ ಸುಣ್ಣ, ಕೆಮ್ಮಣ್ಣು, ಬರೆಯುವ ಬಟ್ಟೆಯ ಚೂರು ಎಲ್ಲವನ್ನೂ ಒಂದು ಟಿಫನ್ ಡಬ್ಬಿಗೆ ತುಂಬಿ ಚಪ್ಪಲಿ ಮೆಟ್ಟಿದರು. ಶಿವಮೊಗ್ಗದ ಬಸ್ ಹತ್ತಿದೆವು. ದಾರಿಯುದ್ದಕ್ಕೂ ನನಗೆ ಎಲ್ಲರ ಮೇಲೂ ಸಿಟ್ಟು: ಮಡಕೆಯಲ್ಲಿ ಗಿಡ ನೆಡುವವರ ಮೇಲೆ, ಅತ್ತೆಯ ಕಿವಿಯ ಮೇಲೆ, ಮುಖವನ್ನೇ ನೋಡಿರದ ಆ ಹಟದ ಹಿರಿಯರ ಮೇಲೆ. ಸಿಟ್ಟಿನ ಅಡಿಯಲ್ಲಿ ಇದ್ದದ್ದು ಭಯ. ಅತ್ತೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. "ಅಲ್ಲಿ ಹೋಗಿ ಏನು ಹೇಳೋದು ಅತ್ತೆ?" ಎಂದು ಕೇಳಿದೆ. "ಹೋಗೋಣ ಬಾ. ಬಾಯಿಗೆ ಏನು ಬರುತ್ತೋ ಅದು" ಎಂದರು.

ಶಾಮಿಯಾನದ ಬಾಯಲ್ಲೇ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಬಿಳಿ ಪಂಚೆಯ ಒಬ್ಬ ಹಿರಿಯರು ಕುಳಿತಿದ್ದರು. ಕೇಳುವ ಅಗತ್ಯವೇ ಇರಲಿಲ್ಲ, ಇವರೇ ಅವರು. ಒಳಗಿನಿಂದ ಹೋಳಿಗೆಯ ಪರಿಮಳ ಬರುತ್ತಿತ್ತು. "ಬೆಳಗ್ಗೆ ತಾನೆ ಮಡಕೆ ಕೊಟ್ರಿ. ಮತ್ತೇನು ಬಂದ್ರಿ?" ಎಂದರು ಅತ್ತೆಯ ಗುರುತು ಹಿಡಿದು.

ಅತ್ತೆ ಸೆರಗು ಸರಿಮಾಡಿಕೊಂಡು, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದರು: "ತಳ ನೋಡೋ ಶಾಸ್ತ್ರ ಇದೆಯಲ್ಲ ಯಜಮಾನ್ರೇ. ಮಡಕೆ ಕೂರ್ಸಿ ನೀರು ತುಂಬಿದ್ಮೇಲೆ ಕುಂಬಾರರ ಮನೆ ಹೆಂಗಸು ಬಂದು ತಳ ಮುಟ್ಟಿ ನೋಡ್ಬೇಕು. ನಿಮಗೆ ಗೊತ್ತಿರುತ್ತೆ, ನೀವು ಹಿರೀರು."

ಇಂಥ ಶಾಸ್ತ್ರ ಯಾವ ಲೋಕದಲ್ಲೂ ಇಲ್ಲ. ನಾನು ನೆಲ ನೋಡುತ್ತಾ ನಿಂತೆ. ಹಿರಿಯರು ಕಣ್ಣು ಕಿರಿದು ಮಾಡಿದರು. ಮದುವೆಗೆ ಬಂದವರೆಲ್ಲ ಅವರ ಬಾಯನ್ನೇ ನೋಡುತ್ತಿದ್ದರು. ಗೊತ್ತಿಲ್ಲ ಎನ್ನಲು ಅವರಿಗೆ ಆಗಲಿಲ್ಲ.

"ಹೌದೌದು" ಎಂದರು ಕೊನೆಗೆ. "ನಮ್ಮಜ್ಜಿ ಕಾಲದಲ್ಲಿ ಇತ್ತು. ಆಮೇಲೆ ಎಲ್ಲ ಬಿಟ್ರು. ಈಗಿನವ್ರಿಗೆ ಏನು ಗೊತ್ತಾಗುತ್ತೆ." ಎದ್ದು ನಿಂತು, "ದಾರಿ ಬಿಡ್ರಪ್ಪ, ವಾಲಗದವ್ರು ಎಲ್ಲಿ, ಊದಿಸಿ" ಎಂದು ಅಪ್ಪಣೆ ಕೊಟ್ಟರು.

ಗುಟ್ಟಾಗಿ ಒಳಗೆ ಹೋಗಿ ಬರೋಣ ಎಂದು ಬಂದವರು ನಾವು. ಈಗ ವಾಲಗ ಮುಂದೆ, ನಾವು ನಡುವೆ, ಅರ್ಧ ಮದುವೆಮನೆ ಹಿಂದೆ. ನಡುಮನೆಯಲ್ಲಿ ಭತ್ತದ ಹಾಸಿನ ಮೇಲೆ ಮಡಕೆಗಳು ಸಾಲಾಗಿ ಕುಳಿತಿದ್ದವು. ಪಕ್ಕದ ಚಾಪೆಯ ಮೇಲೆ ಅರಿಶಿನ ಹಚ್ಚಿಸಿಕೊಂಡ ಮದುಮಗಳು. ತಾಯಿ ಅಡುಗೆಯವರ ಹತ್ತಿರದಿಂದ ಓಡಿ ಬಂದು, ಏನೋ ಹೊಸ ಮರ್ಯಾದೆ ನಡೆಯುತ್ತಿದೆ ಎಂದು ಹಿಗ್ಗಿ ನಿಂತರು. ಆ ಹಿಗ್ಗನ್ನು ನೋಡಲು ನನ್ನಿಂದ ಆಗಲಿಲ್ಲ.

ಅತ್ತೆ ಮೊಣಕಾಲೂರಿ ಕುಳಿತು ಮೊದಲ ಮಡಕೆಯ ಕೆಳಗೆ ಭತ್ತದೊಳಕ್ಕೆ ಕೈ ತೂರಿಸಿದರು. ಬಾಯಲ್ಲಿ ಏನೋ ಮಣಮಣ. ಮುಂದಿನದು. ಅದರ ಮುಂದಿನದರಲ್ಲಿ ಕೈ ನಿಂತಿತು. ಮಣಮಣವೂ ನಿಂತಿತು. ಅತ್ತೆ ತಲೆ ಎತ್ತಿ ನನ್ನನ್ನು ನೋಡಲಿಲ್ಲ, ಮದುಮಗಳನ್ನು ನೋಡಿದರು. ಅವಳು ತನ್ನ ಬೆರಳುಗಳನ್ನು ಸೆರಗಿನಡಿ ಮುಚ್ಚಿಕೊಂಡಳು. ಅತ್ತೆ ಉಳಿದವನ್ನೂ ಮುಟ್ಟಿ ಮುಗಿಸಿ ಎದ್ದರು.

"ತಳ ಗಟ್ಟಿ ಇದೆ" ಎಂದರು ಗಟ್ಟಿಯಾಗಿ. ಹಿರಿಯರು ತಲೆಯಾಡಿಸಿದರು. ಯಾರೋ ಅಕ್ಷತೆ ಹಾಕಿದರು. ತಾಯಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತರು, ಸಂತೋಷಕ್ಕೆ.

ಅತ್ತೆ ಸುಳ್ಳು ಹೇಳಿದರು ಎಂದೇ ನಾನು ತಿಳಿದೆ. ಆದರೆ ಭತ್ತದ ಅಂಚಿನ ರಂಗೋಲಿ ಕದಡಿರಲಿಲ್ಲ, ನೆಲ ಒಣಗಿಯೇ ಇತ್ತು. ಹಿತ್ತಲಿಗೆ ಕೈ ತೊಳೆಯಲು ಹೋದಾಗ ಅತ್ತೆ ನನ್ನ ಕಿವಿಯ ಹತ್ತಿರ "ಕಣಕ" ಎಂದರು. ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಮದುಮಗಳೇ ಹಿತ್ತಲಿಗೆ ಬಂದಳು.

"ಅಮ್ಮಂಗೆ ಹೇಳ್ಬೇಡಿ ಅಕ್ಕಾ" ಎಂದಳು. "ಎಲ್ಲರೂ ತಿಂಡಿಗೆ ಹೋಗಿದ್ರು, ನಾನೊಬ್ಳೇ ಕೂತಿದ್ದೆ. ಭತ್ತ ಒದ್ದೆ ಆಗ್ತಾ ಬಂತು. ಹೆದ್ರಿಕೆ ಆಯ್ತು, ಇಲ್ಲ ಅನ್ನಲ್ಲ. ನಂದು ಇಷ್ಟೇನೇನೋ ಅಂತ ಒಂದ್ಸಲ ಅನ್ನಿಸ್ತು. ಆಮೇಲೆ ಅಲ್ಲಿ ಅಮ್ಮ ನಗೋದು ಕೇಳಿಸ್ತು. ಅಮ್ಮ ನಕ್ಕು ಎಷ್ಟು ಕಾಲ ಆಗಿತ್ತು ಅಂತೀರ. ಹೋಳಿಗೆಗೆ ಕಲಸಿದ ಕಣಕದಲ್ಲಿ ಒಂದು ಉಂಡೆ ತಂದು ಎರಡಕ್ಕೂ ಒಳಗೂ ಹೊರಗೂ ಮೆತ್ತಿದೆ. ಮತ್ತೆ ನೀರು ತುಂಬಿಸ್ದೆ. ಒದ್ದೆ ಭತ್ತ ತೆಗೆದು ಬೇರೆ ಹಾಕ್ದೆ. ಸೋರಲಿಲ್ಲ."

ಅವಳ ಉಗುರುಗಳ ಸಂದಿಯಲ್ಲಿ ಹಿಟ್ಟು ಇನ್ನೂ ಇತ್ತು. ನನಗೆ ಮೈಮೇಲಿನ ಮೂಟೆ ಇಳಿಸಿದಂತಾಯಿತು. ಹಿತ್ತಲ ಕಲ್ಲಿನ ಮೇಲೆ ಕುಳಿತೇ ಬಿಟ್ಟೆ. ಅತ್ತೆ ಅವಳ ಗಲ್ಲ ಹಿಡಿದರು. "ನನ್ನ ತಪ್ಪು ಮಗಾ. ಗಟ್ಟಿ ಮಡಕೆ ಬರ್ತಾ ಇದಾವೆ, ಬದಲಾಯ್ಸಿ ಕೊಡ್ತೀನಿ. ಯಾರ್ಗೂ ಗೊತ್ತಾಗಲ್ಲ."

"ಬೇಡ ಅಜ್ಜಿ" ಎಂದಳು ಅವಳು. "ಇವೇ ಇರ್ಲಿ. ಎಲ್ಲರ ಮನೆ ದೋಸೆನೂ ತೂತೇ ಅಲ್ವಾ."

ಅತ್ತೆ ನಕ್ಕರು. ಬೆಳಗ್ಗಿನಿಂದ ಹಿಡಿದಿಟ್ಟಿದ್ದೆಲ್ಲ ಆ ನಗುವಿನಲ್ಲಿ ಹೊರಬಂತು, ಕಣ್ಣಲ್ಲೂ ಬಂತು. ಆ ಹೊತ್ತಿಗೆ ಸರಿಯಾಗಿ ನನ್ನ ಗಂಡ ಎರಡು ಮಡಕೆಗಳನ್ನು ಎರಡು ಕಂಕುಳಲ್ಲಿಟ್ಟುಕೊಂಡು ಬೆವರುತ್ತಾ ಬಂದು, ಇದೇನು ಇಲ್ಲಿ ನಗುತ್ತಾ ಕೂತಿದ್ದೀರಿ ಎಂದು ಕಣ್ಣು ಕೆಂಪು ಮಾಡಿದರು. ಹೋಳಿಗೆ ಊಟ ಬಿದ್ದ ಮೇಲೆ ತಣ್ಣಗಾದರು. ಆ ಎರಡು ಮಡಕೆಗಳು ಮತ್ತೆ ನವುಲೆಗೆ ಹೋದವು. ಡ್ರಿಲ್ಲಿಂಗ್ ಮೆಷಿನ್ನಿನಲ್ಲಿ ತೂತು ಮಾಡಿಸಿಕೊಂಡರಂತೆ.

ಮದುವೆ ಸಾಂಗವಾಗಿ ನಡೆಯಿತು. ಹಿರಿಯರು ಮೊದಲ ಸಾಲಿನಲ್ಲಿ ನಿಂತು ಅಕ್ಷತೆ ಹಾಕಿದರು ಎಂದು ತಾಯಿ ಫೋನಿನಲ್ಲಿ ಹೇಳಿದರು. ಅದಕ್ಕಿಂತ ದೊಡ್ಡ ಸಂಗತಿ ಮುಂದಿನ ವರ್ಷದ್ದು. ಆ ಹಿರಿಯರ ಮೊಮ್ಮಗಳ ಮದುವೆಗೆ ಐರಣಿ ಹೇಳಲು ಬಂದವರು, "ತಳ ನೋಡೋ ಶಾಸ್ತ್ರಕ್ಕೆ ತಪ್ಪಿಸ್ಬಾರ್ದಂತೆ, ಅಜ್ಜಾರು ಹೇಳಿ ಕಳ್ಸಿದಾರೆ" ಎಂದರು. ಅಲ್ಲಿಂದ ಆ ಕಡೆಯ ನಾಲ್ಕಾರು ಮನೆಗಳಿಗೂ ಅದು ಹಬ್ಬಿದೆ. ಅತ್ತೆ ಹೋಗುತ್ತಾರೆ, ವಾಲಗ ಊದುತ್ತದೆ, ಮಣಮಣ ಹೇಳುತ್ತಾರೆ, ಕುಪ್ಪಸದ ಕಣ ಇಸಿದುಕೊಂಡು ಬರುತ್ತಾರೆ. ಮಣಮಣದಲ್ಲಿ ಏನು ಹೇಳುತ್ತೀರಿ ಎಂದು ಒಮ್ಮೆ ಕೇಳಿದೆ. "ಸೋರ್ಬೇಡ, ಸೋರ್ಬೇಡ ಅಂತೀನಿ. ಇನ್ನೇನು ಹೇಳ್ಲಿ?" ಎಂದರು. ಈಗ ಆವಿಗೆ ಬಿಚ್ಚಿದ ದಿನ ಮಡಕೆಯನ್ನು ತಟ್ಟಿದ ಮೇಲೆ ತಿರುಗಿಸಿಯೂ ನೋಡುತ್ತಾರೆ.

ಕಳೆದ ಬೇಸಿಗೆಯಲ್ಲಿ ಅತ್ತೆಯ ಕಣ್ಣಿನ ಪೊರೆ ತೋರಿಸಲು ಶಿವಮೊಗ್ಗಕ್ಕೆ ಹೋದಾಗ, ಕಣಕ ಮೆತ್ತಿದ ಆ ಹುಡುಗಿಯ ಮನೆಗೂ ಹೋದೆವು. ಬಾಗಿಲ ಎರಡೂ ಕಡೆ ಆ ಎರಡು ಮಡಕೆಗಳು. ಒಂದರಲ್ಲಿ ತುಳಸಿ, ಒಂದರಲ್ಲಿ ಮಲ್ಲಿಗೆ. ಅತ್ತೆ ಬರೆದ ಸುಣ್ಣದ ಬಳ್ಳಿ ಮಳೆಗೆ ಮಸುಕಾಗಿದ್ದರೂ ಅಳಿಸಿರಲಿಲ್ಲ. ಒಳಗೆ ತೊಟ್ಟಿಲಲ್ಲಿ ಮಗು ಮಲಗಿತ್ತು. ಅವಳ ಅಮ್ಮ ತೂಗುತ್ತಿದ್ದರು.

"ಕಣಕ ಏನಾಯ್ತೇ?" ಎಂದು ಅತ್ತೆ ಪಿಸುಗುಟ್ಟಿದರು.

"ಇರುವೆ ತಿಂದು ಖಾಲಿ ಮಾಡಿದ್ವು ಅಜ್ಜಿ. ಆಮೇಲೆ ನೀರು ಚೆನ್ನಾಗಿ ಬಸಿತಾ ಇದೆ, ಗಿಡಾನೂ ಬೇರು ಹಿಡೀತು."

ಅತ್ತೆ ಬಗ್ಗಿ, ಅಭ್ಯಾಸಬಲದಿಂದ, ಮಲ್ಲಿಗೆಯ ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಒಳಗೆ ಮಣ್ಣು, ನೀರು, ಬೇರು. ಅದು ಠಣ್ ಎನ್ನಲಿಲ್ಲ.

"ತುಂಬಿದೆ" ಎಂದು ಹೇಳಿ ಒಳಗೆ ಮಗು ನೋಡಲು ಹೋದರು.